ಮೊದಲ ಮಾತಿಗೇ ಫೋನಿಟ್ಟ ಊರು

"ಮಲಗಿ," ಎಂದರು ಮೇಷ್ಟ್ರು, ತೀರಿಕೊಂಡು ಇಪ್ಪತ್ತೆಂಟು ವರ್ಷವಾದ ಮೇಲೆ.

ಕಾಫಿ ಅಂಗಡಿಯ ಮೂಲೆಯಲ್ಲಿದ್ದ ಹಳೇ ಟೆಲಿಫೋನ್ ಯಂತ್ರದೊಳಗೆ ಕ್ಯಾಸೆಟ್ಟು ಗರಗರ ಎಂದಿತು. ಮೇಷ್ಟ್ರ ಮಗಳು ತಟ್ಟನೆ ಕೈ ಚಾಚಿ ಗುಂಡಿ ಒತ್ತಿ ನಿಲ್ಲಿಸಿದಳು.

"ಇಷ್ಟೇ ಅಕ್ಕ. ಇದರಿಂದ ಮುಂದಕ್ಕೆ ನಾನು ಯಾವತ್ತೂ ಕೇಳಿಲ್ಲ. ನನ್ ಕೈಲಾಗಲ್ಲ."

"ನೀನೊಬ್ಬಳೇ ಅಲ್ಲ ಕಣೇ. ಈ ಊರಲ್ಲಿ ಯಾರೂ ಮುಂದಕ್ಕೆ ಕೇಳ್ತಿರಲಿಲ್ಲ," ಎಂದೆ.

ನಿಜವಾದ ಮಾತು. ಈಗ ಪ್ರತಿಯೊಬ್ಬರ ಕೈಯಲ್ಲೂ ಬಣ್ಣಬಣ್ಣದ ನಕ್ಷೆ ಇದೆ. ಕಡಲು ವಾರದಾಚೆ ಏನು ಮಾಡಲಿದೆ ಎಂದು ಮಂಚದ ಮೇಲೆ ಬಿದ್ದುಕೊಂಡೇ ತಿಳಿಯಬಹುದು. ಆಗ ಇದ್ದದ್ದು ಒಂದು ಫೋನ್ ನಂಬರು. ಬೆಳಕು ಹರಿಯುವ ಮುಂಚೆ ಆ ನಂಬರು ತಿರುಗಿಸಿದರೆ ಅಲೆ ಮೇಷ್ಟ್ರ ದನಿ ಕೇಳುತ್ತಿತ್ತು.

ಮೇಷ್ಟ್ರು ನಮಗೆಲ್ಲ ಸರ್ಫಿಂಗ್ ಕಲಿಸಿದವರು. ದಿನವೂ ಎಲ್ಲರಿಗಿಂತ ಮೊದಲು ದಂಡೆಗೆ ಹೋಗಿ, ಕಡಲು ನೋಡಿ, ಅಂಗಡಿಗೆ ಬಂದು ಈ ಯಂತ್ರದ ಕ್ಯಾಸೆಟ್ಟಿಗೆ ವರದಿ ಹೇಳಿ ಹೋಗುತ್ತಿದ್ದರು. ಮೊದಲು ತೀರ್ಪು. ಏಳಿ, ಇಲ್ಲವೇ ಮಲಗಿ. ಕಾರಣಗಳು ಆಮೇಲೆ: ಅಲೆಯ ಎತ್ತರ, ಒಂದು ಅಲೆಗೂ ಇನ್ನೊಂದಕ್ಕೂ ನಡುವಿನ ಬಿಡುವು, ಗಾಳಿ ನೆಲದ ಕಡೆಯಿಂದಲೋ ಕಡಲ ಕಡೆಯಿಂದಲೋ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ.

ಕಾರಣ ಯಾರಿಗೆ ಬೇಕಿತ್ತು? ನಾನು ಶಾಲೆಗೆ ಹೋಗುವ ಕಾಲದಲ್ಲಿ ಅಪ್ಪನಿಗೆ ಎಚ್ಚರವಾಗದಿರಲೆಂದು ಫೋನಿನ ಮೇಲೆ ಟವೆಲ್ಲು ಹೊದಿಸಿ ನಂಬರು ತಿರುಗಿಸುತ್ತಿದ್ದೆ. ಏಳಿ ಎಂದರೆ ಬರಿಗಾಲಲ್ಲಿ ಓಟ. ಮಲಗಿ ಎಂದರೆ ಅಲ್ಲೇ ಫೋನಿಟ್ಟು, ಇನ್ನೂ ಬಿಸಿ ಆರದ ಹೊದಿಕೆಯೊಳಗೆ ಮತ್ತೆ ನುಗ್ಗುವುದು. ಅಷ್ಟು ಅಗ್ಗದ, ಅಷ್ಟು ದೊಡ್ಡ ಸುಖ ಆಮೇಲೆ ನನಗೆ ಸಿಕ್ಕಿಲ್ಲ. ಪೊಲೀಸ್ ಕೆಲಸದಲ್ಲಂತೂ ಸಿಗಲಿಲ್ಲ, ಅದನ್ನು ಬಿಟ್ಟು ಖಾಸಗಿ ಪತ್ತೇದಾರಿಕೆಗೆ ಕೂತ ಮೇಲೂ ಸಿಕ್ಕಿಲ್ಲ.

ಇಪ್ಪತ್ತೆಂಟು ವರ್ಷದ ಹಿಂದಿನ ಆ ಬೆಳಿಗ್ಗೆಯೂ ಯಂತ್ರ ಮಲಗಿ ಎಂದಿತ್ತು. ಊರು ಮಲಗಿತು. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು, ಒಂದು ತಲೆಮಾರಿಗೊಮ್ಮೆ ಬರುವಂಥ ಅಲೆಗಳು ಅವತ್ತು ಬಂದಿದ್ದವು, ಮೇಷ್ಟ್ರು ಒಬ್ಬರೇ ನೀರಿಗಿಳಿದಿದ್ದರು, ಮತ್ತು ಅವರ ಬೋರ್ಡು ಮಾತ್ರ ದಡಕ್ಕೆ ಬಂದಿತ್ತು.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಊರಿಗೆ ಕಣ್ಣು ಮುಚ್ಚಿಸಿದವರ ಮೇಲೆ ಸಿಟ್ಟು ಬಂತು. ಎಲ್ಲ ಅಲೆ ತನಗೊಬ್ಬನಿಗೇ ಇರಲಿ ಎಂದು ಮೇಷ್ಟ್ರು ಸುಳ್ಳು ಹೇಳಿದರು, ಕಡಲು ತಕ್ಕ ಶಾಸ್ತಿ ಮಾಡಿತು ಎಂದರು ಜನ. ಇವತ್ತಿಗೂ ಇಲ್ಲಿ ಯಾರಾದರೂ ಸುಳ್ಳು ಹೇಳಿದರೆ, "ಮೇಷ್ಟ್ರ ವರದಿ ಹೇಳ್ಬೇಡ ಹೋಗು" ಎನ್ನುತ್ತಾರೆ. ಈ ಹುಡುಗಿ ಅದನ್ನು ಶಾಲೆಯಲ್ಲಿ ಕೇಳಿದ್ದಾಳೆ, ಮೀನಿನಂಗಡಿಯಲ್ಲಿ ಕೇಳಿದ್ದಾಳೆ, ತನ್ನ ಮದುವೆಯ ಮಾತುಕತೆಯಲ್ಲೂ ಕೇಳಿದ್ದಾಳೆ.

"ಅಪ್ಪ ಹೇಗೆ ಹೋದ್ರು ಅನ್ನೋದು ಆಮೇಲೆ," ಎಂದಿದ್ದಳು ನನ್ನನ್ನು ಕರೆಸಿಕೊಂಡ ದಿನ. "ಅವರು ಸುಳ್ಳು ಹೇಳಿದ್ರಾ, ಇಲ್ವಾ? ಅದೊಂದು ಹೇಳಿ ಸಾಕು."

"ಹಾಕು," ಎಂದೆ ಈಗ. "ನಾನು ಪಕ್ಕದಲ್ಲೇ ಇದ್ದೀನಿ."

ಅವಳು ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದಳು.

"ಮಲಗಿ. ಅಲೆ ಮೂರು ಅಡಿ, ಬಿಡುವು ಏಳು ಸೆಕೆಂಡು. ಕಡಲ ಗಾಳಿ ಬೀಸ್ತಾ ಇದೆ, ನೀರು ಎದ್ದು ಬಂದ ಮಗುವಿನ ತಲೆ ಥರ ಕೆದರಿದೆ. ಉಬ್ಬರ ಏರ್ತಾ ಇದೆ. ಹೋಗಿ, ಇನ್ನೊಂದು ನಿದ್ದೆ ಮಾಡಿ."

ಅಷ್ಟೇ. ಕಡೆಯ ಮಾತಿನಲ್ಲಿ ಸಣ್ಣ ನಗೆಯೊಂದು ಅಡಗಿತ್ತು. ಆ ನಗೆಯನ್ನು ನಾನು ಮರೆತೇ ಬಿಟ್ಟಿದ್ದೆ. ಹುಡುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಒಳಗಡೆ ಪಾತ್ರೆ ತೊಳೆಯುವ ನಲ್ಲಿಯ ಸದ್ದು ನಿಂತಿತ್ತು. ಯಾವಾಗ ನಿಂತಿತೋ ಗಮನಿಸಿರಲಿಲ್ಲ.

"ಸಕ್ಕರೆ ಹಾಕ್ಲಾ?" ಎನ್ನುತ್ತ ಅವಳ ಅಮ್ಮ ಕಾಫಿ ಹಿಡಿದು ಹೊರಗೆ ಬಂದರು.

ವಾರದಿಂದ ಈ ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದೇನೆ. ನಾನು ಸಕ್ಕರೆ ಮುಟ್ಟುವುದಿಲ್ಲವೆಂದು ಮೊದಲ ದಿನವೇ ತಿಳಿದುಕೊಂಡು, "ಆಯ್ತು ಬಿಡಿ, ಮೊದಲೇ ಕಹಿ ಕೆಲಸ ನಿಮ್ಮದು" ಎಂದು ಗೇಲಿ ಮಾಡಿದವರು ಇವರೇ.

"ಬೇಡಮ್ಮ."

"ಹಳೇದನ್ನ ಕೆದಕಿ ಏನು ಬಂತು?" ಎಂದರು ಮಗಳ ಕಡೆ ತಿರುಗಿ. ಕಡಲ ಕಡೆಯ ಕಿಟಕಿಯ ಅಗುಳಿ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿದರು. ಆ ಕಿಟಕಿ ತೆರೆದದ್ದನ್ನು ಯಾರೂ ಕಂಡಿಲ್ಲ. ಅವರಿಗೆ ಕಡಲೆಂದರೆ ತಲೆನೋವು. ಹುಟ್ಟಿದಾಗಿನಿಂದ ಪಾದ ಮುಳುಗುವಷ್ಟು ನೀರಿಗೂ ಇಳಿದವರಲ್ಲ ಎಂದು ಮಗಳೇ ಹೇಳಿದ್ದಳು.

ನಾನು ಲೋಟವನ್ನು ಕೌಂಟರಿನ ಮೇಲಿಟ್ಟೆ. ಕೌಂಟರೆಂದರೆ ಎರಡು ಪೀಪಾಯಿಗಳ ಮೇಲೆ ಅಡ್ಡ ಹಾಕಿದ ಹಳೆಯ ಸರ್ಫ್ ಬೋರ್ಡು. ಗುಜರಿಯಲ್ಲಿ ಸಿಕ್ಕಿದ್ದಂತೆ. ಮೇಲೆ ದಪ್ಪಗೆ ಹಸಿರು ಬಣ್ಣ ಬಳಿದಿದ್ದರು. ಲೋಟದ ತಳ ಉಜ್ಜಿ ಉಜ್ಜಿ ಬಣ್ಣ ಎದ್ದ ಕಡೆ ಕೆಂಪು ಇಣುಕುತ್ತಿತ್ತು.

ನನ್ನ ಕಣ್ಣು ಮಾತ್ರ ಆಗ ಎದುರಿನ ಗೋಡೆಯ ಮೇಲಿತ್ತು. ಅಲ್ಲೊಬ್ಬ ಆಳೆತ್ತರದ ಮನುಷ್ಯನ ಚಿತ್ರ. ಮೊಣಕಾಲು, ಸೊಂಟ, ಎದೆ, ತಲೆ, ಒಂದೊಂದಕ್ಕೂ ಒಂದೊಂದು ನೀಲಿ ಗೆರೆ.

"ಇದನ್ನ ಯಾವಾಗ ಬರೆಸಿದ್ದು?"

"ಅಪ್ಪನೇ ಬರೆದಿದ್ದು. ನಾನು ಇದು ನನ್ನ ಎತ್ತರ ಅಳೆಯೋಕೆ ಅಂತಲೇ ತಿಳ್ಕೊಂಡಿದ್ದೆ." ಅವಳು ಎದ್ದು ಹೋಗಿ ಮೊಣಕಾಲಿಗಿಂತ ತುಸು ಮೇಲಿದ್ದ ಪೆನ್ಸಿಲ್ ಗೆರೆಯನ್ನು ಬೆರಳಿಂದ ತಡವಿದಳು. "ಇದು ಅಪ್ಪ ಹಾಕಿದ್ದು, ನನ್ನ ಮೊದಲನೇ ಹುಟ್ಟುಹಬ್ಬಕ್ಕೆ. ಮೇಲಿರೋದೆಲ್ಲ ಅಮ್ಮ ಹಾಕಿದ್ದು."

"ಎತ್ತರ ಅಳೆಯೋಕಲ್ಲ ಅಂದ್ರೆ ಮತ್ಯಾತಕ್ಕೆ?"

"ಅಲೆ ಅಳೆಯೋಕೆ. ಹೊಸದಾಗಿ ಕಲಿಯೋಕೆ ಬಂದ ಹುಡುಗಿಯೊಬ್ಬಳು ಅಪ್ಪನ ವರದಿ ನಂಬಿ ನೀರಿಗಿಳಿದು ಕೈ ಮುರ್ಕೊಂಡಳಂತೆ. ಮೂರು ಅಡಿ ಅಂದಿದ್ದು ಅವಳ ತಲೆ ಮೇಲೆ ಬಂತಂತೆ."

ನನಗೆ ಆ ಲೆಕ್ಕ ಚೆನ್ನಾಗಿ ಗೊತ್ತು. ನಮ್ಮ ಕಾಲದ ಶೂರರು ಅಲೆಯನ್ನು ಅದರ ಬೆನ್ನ ಕಡೆಯಿಂದ ಅಳೆಯುತ್ತಿದ್ದರು. ಬೆನ್ನು ಮೂರು ಅಡಿಯಾದರೆ ಮುಖ ಆರು ಅಡಿ, ಬೀಳುವುದು ಮುಖವೇ. ಕಮ್ಮಿ ಹೇಳಿದಷ್ಟೂ ಗಂಡಸುತನ ಹೆಚ್ಚು ಎಂಬ ಹುಚ್ಚು ಆಗ. ಗೊತ್ತಿದ್ದವರು ಎರಡರಿಂದ ಗುಣಿಸಿಕೊಳ್ಳುತ್ತಿದ್ದರು, ಗೊತ್ತಿಲ್ಲದವರು ಕೈ ಮುರಿದುಕೊಳ್ಳುತ್ತಿದ್ದರು.

"ಅವಳನ್ನ ಆಸ್ಪತ್ರೆಗೆ ಸೇರಿಸಿ ಬಂದವರೇ ಅಪ್ಪ ರಾತ್ರೋರಾತ್ರಿ ಈ ಚಿತ್ರ ಬರೆದ್ರಂತೆ," ಎಂದಳು. "ಇನ್ಮೇಲೆ ಅಡಿ ಅನ್ನೋ ಮಾತು ನನ್ ಬಾಯಲ್ಲಿ ಬರಲ್ಲ, ಸೊಂಟಮಟ್ಟ ಎದೆಮಟ್ಟ ಅಂತಲೇ ಹೇಳ್ತೀನಿ ಅಂತ ಆಣೆ ಮಾಡಿದ್ರಂತೆ. ಬರಲೂ ಇಲ್ಲ. ಅಮ್ಮ ಎಷ್ಟೋ ಸಲ ಹೇಳಿದ್ದಾಳೆ. ನಾನಾಗ ಅವಳ ಹೊಟ್ಟೇಲಿದ್ದೆ."

ಹೇಳುತ್ತ ಹೇಳುತ್ತ ಅವಳ ಬೆರಳು ಗೋಡೆಯ ಮೇಲೆ ನಿಂತುಬಿಟ್ಟಿತು. ಬುದ್ಧಿವಂತ ಹುಡುಗಿ. ನಾನು ಬಾಯಿ ಬಿಡಬೇಕಾಗಲಿಲ್ಲ.

"ಅಕ್ಕ... ಕ್ಯಾಸೆಟ್ಟಲ್ಲಿ ಮೂರು ಅಡಿ ಅಂದ್ರು."

"ಅಂದ್ರು."

"ಹಾಗಾದ್ರೆ ಇದು ನಾನು ಹುಟ್ಟೋಕೆ ಮುಂಚಿಂದು."

"ಹೂಂ. ನಿಮ್ಮಪ್ಪ ಆ ಬೆಳಿಗ್ಗೆ ಏನು ಹೇಳಿದ್ರೋ ಗೊತ್ತಿಲ್ಲ. ಇದನ್ನಂತೂ ಹೇಳಿರಲಿಲ್ಲ. ಯಾರೋ ಹಳೇ ಕ್ಯಾಸೆಟ್ಟು ತಂದು ಹಾಕಿದ್ದಾರೆ."

ಅವಳು ಗೋಡೆಗೆ ಹಣೆ ಹಚ್ಚಿ ನಿಂತಳು. ಊರಿಗೆ ಊರೇ ಆ ಕ್ಯಾಸೆಟ್ಟನ್ನು ಕೇಳಿತ್ತು, ಆದರೆ ಒಬ್ಬರೂ ಎರಡನೇ ಮಾತಿನ ತನಕ ಕಾದಿರಲಿಲ್ಲ. ಕಾದಿದ್ದರೆ ಅಡಿ ಎಂಬುದು ಕಿವಿಗೆ ಬೀಳುತ್ತಿತ್ತು. ನಿದ್ದೆಯ ಆಸೆ ಎಂಥ ಒಳ್ಳೆಯ ಮನುಷ್ಯನ ಹೆಸರನ್ನು ತಿಂದುಹಾಕಿತು ನೋಡಿ.

"ಆಗ ಈ ಅಂಗಡಿ ಬೀಗದ ಕೈ ಯಾರ್ಯಾರ ಹತ್ರ ಇತ್ತು?"

"ಅಪ್ಪ, ಅಮ್ಮ." ಅವಳು ತಿರುಗಿದಳು. "ಆಮೇಲೆ ಹಲಗೆ ಮಾವ."

ತಿರುಗಿ ನೋಡಿದಾಗ ಅಮ್ಮ ಬಾಗಿಲಲ್ಲಿರಲಿಲ್ಲ. ನಲ್ಲಿಯ ಸದ್ದು ಮತ್ತೆ ಶುರುವಾಗಿತ್ತು.

*

ಹಲಗೆ ಮಾವ ಯಾರಿಗೂ ಸ್ವಂತ ಮಾವನಲ್ಲ, ಎಲ್ಲರಿಗೂ ಮಾವ. ಊರಿನ ಬೋರ್ಡುಗಳೆಲ್ಲ ಅವರ ಕೈಯಲ್ಲೇ ಹುಟ್ಟಿದವು. ಮೇಷ್ಟ್ರ ಜೀವದ ಗೆಳೆಯ. ಈ ಹುಡುಗಿಗೆ ಮೊದಲ ಬೋರ್ಡು ಮಾಡಿಕೊಟ್ಟು ಅಲೆ ಹತ್ತಿಸಿದವರೂ ಅವರೇ.

ಅವರ ಷೆಡ್ಡಿನ ತುಂಬ ಬಿಳಿ ಪುಡಿ. ಮೂಗು ಸುಡುವ ಅಂಟಿನ ವಾಸನೆ. ಎರಡು ಕಟ್ಟೆಗಳ ಮೇಲೆ ಅರ್ಧ ಉಜ್ಜಿದ ಬೋರ್ಡೊಂದು ಮಲಗಿತ್ತು. ಮಾವ ನಮ್ಮನ್ನು ಕಂಡು ಉಜ್ಜುವುದನ್ನು ನಿಲ್ಲಿಸಿ, ಮುಖದ ಪಟ್ಟಿ ಕೆಳಗಿಳಿಸಿ, ಮಗುವಿನಂತೆ ನಕ್ಕರು.

"ನೋಡಿದ್ರಾ ಪೊಲೀಸಮ್ಮ?" ಫೋನು ನನ್ನ ಮೂಗಿನ ಹತ್ತಿರ ಹಿಡಿದರು. "ನಾಳೆ ಬೆಳಿಗ್ಗೆ! ಹದಿನೇಳು ಸೆಕೆಂಡು ಬಿಡುವು, ನೆಲದ ಗಾಳಿ, ಇಳಿತ ಮುಗಿದು ನೀರು ಏರೋ ಹೊತ್ತು. ಹಳಬರೆಲ್ಲ ಬರ್ತಾರೆ ನೋಡಿ. ಸೊಂಟ ಹಿಡ್ಕೊಂಡವರೂ ಬರ್ತಾರೆ."

"ಎತ್ತರ ಅಷ್ಟೇನೂ ಇಲ್ವಲ್ಲ," ಎಂದೆ, ಬೇಕೆಂದೇ.

"ಎತ್ತರ ನೋಡಿ ಮೋಸ ಹೋಗ್ಬೇಡಿ. ಬಿಡುವು ನೋಡಿ, ಬಿಡುವು! ಮೇಷ್ಟ್ರು ಏನಂತಿದ್ರು? ಬಿಡುವು ಕಮ್ಮಿ ಇರೋ ಅಲೆ ಪಕ್ಕದ ಮನೆ ಜಗಳ ಇದ್ದ ಹಾಗೆ, ಗದ್ದಲ ಜಾಸ್ತಿ, ತೂಕ ಇಲ್ಲ. ಹದಿನೇಳು ಸೆಕೆಂಡಿಂದು ದೂರದ ನೆಂಟ. ಎಲ್ಲೋ ನಡುಗಡಲಲ್ಲಿ ಬಿರುಗಾಳಿ ಎದ್ದು, ದಿನಗಟ್ಟಲೆ ನಡ್ಕೊಂಡು ಬಂದಿರ್ತಾನೆ. ಬಂದ ಮೇಲೆ ಸುಮ್ನೆ ಹೋಗ್ತಾನಾ?"

ನಾವು ಮೂವರೂ ನಕ್ಕೆವು. ಮೇಷ್ಟ್ರೇ ಷೆಡ್ಡಿನೊಳಗೆ ಬಂದು ನಿಂತಂತಾಯಿತು. ಇಂಥ ಮನುಷ್ಯನನ್ನು ಈಗ ಸಿಕ್ಕಿಸಬೇಕಲ್ಲ ಎಂದು ನನಗೆ ಬೇಜಾರಾಯಿತು. ಬೇಜಾರು ಬೇರೆ, ಕೆಲಸ ಬೇರೆ.

"ಇಂಥದ್ದು ಹಿಂದೆ ಬಂದಿತ್ತಾ ಮಾವ?"

"ಒಂದೇ ಸಲ." ನಗೆ ಇಳಿಯಿತು. "ಅವತ್ತು."

"ಅವತ್ತು ನೀವೂ ಫೋನ್ ಮಾಡಿದ್ರಾ?"

"ಎಲ್ಲರ ಹಾಗೆ ನಾನೂ ಮಾಡಿದೆ. ಮಲಗಿ ಅಂತು. ಫೋನಿಟ್ಟು ಮಲಗಿದೆ."

"ಏನೇನು ಹೇಳಿದ್ರು ಮೇಷ್ಟ್ರು? ನಾನು ಊರಲ್ಲಿರಲಿಲ್ಲ, ಅದಕ್ಕೇ ಕೇಳ್ತಿದ್ದೀನಿ. ಕಡಲು ತೀರಾ ಕೆಟ್ಟದಾಗಿದೆ ಅಂದ್ರಾ?"

"ಕೆಟ್ಟದೇ. ಮೂರು ಅಡಿ, ಏಳು ಸೆಕೆಂಡು, ಕಡಲ ಗಾಳಿ. ಎದ್ದು ಬಂದ ಮಗುವಿನ ತಲೆ..."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾವನ ಕೈಯಲ್ಲಿದ್ದ ಉಜ್ಜುವ ಕಾಗದ ಕೆಳಗೆ ಬಿತ್ತು.

"ಮಲಗಿ ಅಂದ ತಕ್ಷಣ ಫೋನಿಟ್ಟೆ ಅಂದ್ರಿ," ಎಂದೆ ಮೆಲ್ಲಗೆ. "ಮಗುವಿನ ತಲೆ ತನಕ ಹೇಗೆ ಬಂದ್ರಿ?"

"ಯಾರೋ... ಆಮೇಲೆ ಯಾರೋ ಹೇಳಿರ್ಬೇಕು."

"ಯಾರೂ ಕೇಳೇ ಇಲ್ಲ ಮಾವ," ಎಂದಳು ಹುಡುಗಿ. "ನಾನೇ ಇವತ್ತು ಮೊದಲ ಸಲ ಕೇಳಿದ್ದು. ಅದು ಹಳೇ ಕ್ಯಾಸೆಟ್ಟು. ಅಡಿ ಅಂತಿದೆ ಅದರಲ್ಲಿ."

"ಅಡಿ," ಎಂದರು ಮಾವ. ಆ ಮಾತನ್ನು ನಾಲಿಗೆಯ ಮೇಲಿಟ್ಟು ನೋಡಿದಂತಿತ್ತು. "ಅಡಿ ಅಂತಿತ್ತು, ಅಲ್ವಾ? ನನಗೆ ಹೊಳೀಲೇ ಇಲ್ಲ. ಈ ಕೈ ಇವತ್ತಿಗೂ ಅಡಿ ಲೆಕ್ಕದಲ್ಲೇ ಬೋರ್ಡು ಮಾಡುತ್ತೆ ಮಗಳೇ."

ಅವರು ಕಟ್ಟೆಯ ಅಂಚಿಗೆ ಕೂತರು. ಅವರ ರೆಪ್ಪೆಯ ಮೇಲೂ ಬಿಳಿ ಪುಡಿ ಇತ್ತು.

"ಒಂದೇ ಒಂದು ಬೆಳಿಗ್ಗೆ ಸಾಕು ಅನ್ನಿಸ್ತು," ಎಂದರು. "ಊರೆಲ್ಲ ಬಂದ್ರೆ ಒಂದು ಅಲೆಗೆ ಹತ್ತು ಜನ. ನಾವಿಬ್ಬರೇ ಇರೋಣ, ಚಿಕ್ಕಂದಿನ ಹಾಗೆ. ಮೇಷ್ಟ್ರು ಒಪ್ತಿರಲಿಲ್ಲ. ವರದಿ ಅಂದ್ರೆ ದೇವರ ಮಾತು ಅವರಿಗೆ. ಏಳಿ ಅಂತ ಹೇಳಿಟ್ಟು ದಂಡೆಗೆ ಹೋದ್ರು. ನಾನು ಹಿಂದಿನಿಂದ ಹೋಗಿ ಅದನ್ನ ತೆಗೆದು, ಡಬ್ಬದಲ್ಲಿದ್ದ ಹಳೇದೊಂದು ಹಾಕಿದೆ. ಪರೀಕ್ಷೆಗೆ ಒಂದು ಸಲ ಪೂರ್ತಿ ಕೇಳಿದೆ."

"ಅಪ್ಪ ಏಳಿ ಅಂದಿದ್ರಾ?" ಎಂದಳು ಹುಡುಗಿ. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಆ ಕ್ಯಾಸೆಟ್ಟು ಅವತ್ತೇ ಕಡಲಿಗೆ ಎಸೆದೆ."

"ನಮ್ಮಪ್ಪನ ಹೆಸರು ಊರಿಗೆ ಗಾದೆ ಆಯ್ತು ಮಾವ! ಅದನ್ನ ಕೇಳಿ ಅಳ್ತಾ ಬಂದಾಗ ನೀವೇ ಕಣ್ಣೊರೆಸಿ ಬೋರ್ಡು ಮಾಡಿಕೊಟ್ರಿ. ಯಾವ ಬಾಯಲ್ಲಿ ಸಮಾಧಾನ ಹೇಳಿದ್ರಿ?"

ಅವಳ ಸಿಟ್ಟು ನನಗೆ ಹಿಡಿಸಿತು. ಇಷ್ಟು ವರ್ಷ ತಲೆ ತಗ್ಗಿಸಿ ನಡೆದ ಹುಡುಗಿ ಇವತ್ತು ಮೊದಲ ಬಾರಿಗೆ ಅಪ್ಪನ ಮಗಳಾಗಿ ನಿಂತಿದ್ದಳು.

"ನೀವು ನೀರಿಗಿಳಿದ್ರಾ?" ಎಂದು ಕೇಳಿದೆ.

"ಇಲ್ಲ. ನನ್ನ ಬೋರ್ಡಿನ ಕೆಳಗಿನ ರೆಕ್ಕೆಗೆ ಹಚ್ಚಿದ ಅಂಟು ಒಣಗಿರಲಿಲ್ಲ. ಕಾದು ತಡವಾಗಿ ಹೋದೆ. ಆಣೆ ಮಾಡಿ ಹೇಳ್ತೀನಿ, ನಾನು ಹೋದಾಗ ಮೇಷ್ಟ್ರು ಒಬ್ಬರೇ ಇರಲಿಲ್ಲ."

ಷೆಡ್ಡಿನ ತಗಡಿನ ಮೇಲೆ ಹಕ್ಕಿಯೊಂದು ನಡೆದ ಸದ್ದು ಕೇಳಿಸಿತು.

"ಅಲೆಗಳಾಚೆ ಇನ್ನೊಬ್ಬರು ಕೂತಿದ್ರು. ದೂರ. ಮುಖ ಕಾಣಲಿಲ್ಲ. ಬೋರ್ಡು ಕಂಡಿತು, ನಾನೇ ಮಾಡಿದ್ದಲ್ವಾ. ಬಿಳಿ ಮೈ, ನಡುವೆ ಅಗಲವಾದ ಕೆಂಪು ಪಟ್ಟೆ. ಅಂಥದ್ದು ಒಂದೇ ಮಾಡಿದ್ದು. ಮೇಷ್ಟ್ರು ಮಾಡಿಸಿದ್ರು. ಯಾರಿಗೆ ಅಂತ ಕೇಳಿದ್ದಕ್ಕೆ, ನನಗಿಂತ ಚೆನ್ನಾಗಿ ಕಡಲು ಓದೋರಿಗೆ ಅಂದು ನಕ್ಕಿದ್ರು. ದೊಡ್ಡದೊಂದು ಅಲೆ ಎದ್ದಿತು. ಅದು ಬಿದ್ದು ನೊರೆ ಇಳಿದಾಗ ಇಬ್ಬರೂ ಇರಲಿಲ್ಲ. ಆಮೇಲೆ ಬಂಡೆಗಳ ಕಡೆ ಒಬ್ಬರು ನೀರಿಂದ ಎದ್ದ ಹಾಗೆ ಕಂಡಿತು. ನಾನು ಓಡಿ ಬಂದ್ಬಿಟ್ಟೆ. ಬಾಯಿ ಬಿಟ್ಟಿದ್ರೆ, ನೀನ್ಯಾಕೆ ಮಲಗಿರಲಿಲ್ಲ ಅಂತ ಊರು ಕೇಳ್ತಿತ್ತು."

ಕೆಂಪು ಪಟ್ಟೆ. ಹಸಿರು ಬಣ್ಣ ಎದ್ದ ಕಡೆ ಇಣುಕುವ ಕೆಂಪು. ನಾನು ಹುಡುಗಿಯ ಮುಖ ನೋಡಿದೆ. ಅವಳು ಅದೇ ಕೌಂಟರನ್ನು ದಿನಾ ಒರೆಸುವವಳು. ಅವಳಿಗೆ ನನಗಿಂತ ಮೊದಲೇ ಹೊಳೆದಿತ್ತು.

"ಇದನ್ನೆಲ್ಲ ಊರ ಮುಂದೆ ಹೇಳ್ತೀರಾ?" ಎಂದೆ.

ಮಾವ ತಮ್ಮ ಬಿಳಿ ಅಂಗೈಗಳನ್ನು ಉಜ್ಜಿ ಪುಡಿ ಕೊಡವಿದರು.

"ನಾಳೆ ಹಳಬರೆಲ್ಲ ದಂಡೆಗೆ ಬರ್ತಾರೆ. ಯಂತ್ರ ತನ್ನಿ. ಮೊದಲು ಅವರ ಕಿವಿಗೇ ಕೇಳಿಸಿ, ಆ ಅಡಿ ಅನ್ನೋ ಮಾತು. ಬರೀ ನನ್ನ ಮಾತು ಯಾರು ನಂಬ್ತಾರೆ? ಮುದುಕ ತನ್ನ ಗೆಳೆಯನ ಹೆಸರು ಉಳಿಸೋಕೆ ಕತೆ ಕಟ್ತಿದ್ದಾನೆ ಅಂತಾರೆ. ಕ್ಯಾಸೆಟ್ಟು ಕೇಳಿಸಿದ ಮೇಲೆ ನಾನು ಎದ್ದು ನಿಂತು ಒಪ್ಕೊಳ್ತೀನಿ."

*

ದಾರಿಯುದ್ದಕ್ಕೂ ಹುಡುಗಿ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬಿಸಿಲು ಇಳಿದಿತ್ತು. ಕಡಲು ಶಾಂತವಾಗಿತ್ತು, ಆದರೆ ಆಗೊಮ್ಮೆ ಈಗೊಮ್ಮೆ ಒಂದು ಅಲೆ ಬೇರೆಯೇ ಗಾಂಭೀರ್ಯದಿಂದ ಬಂದು ದಡಕ್ಕೆ ಬೀಳುತ್ತಿತ್ತು. ದೂರದ ನೆಂಟ ತಾನು ಬರುವ ಸುದ್ದಿಯನ್ನು ಮೊದಲು ಕಳಿಸಿದ್ದ.

"ಅಮ್ಮನ್ನ ನಾನೇ ಕೇಳ್ತೀನಿ," ಎಂದಳು ಅಂಗಡಿ ಹತ್ತಿರ ಬಂದಾಗ. "ನೀವು ಪೊಲೀಸ್ ದನಿ ತೆಗೀಬೇಡಿ."

"ನಾನು ಕಾಫಿ ಕುಡೀತಾ ಕೂತಿರ್ತೀನಿ ಬಿಡು."

ಕಾಫಿ ಕೊಡುವವರು ಇರಲಿಲ್ಲ.

ಲೋಟಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು, ಒಂದೂ ಒಡೆಯದಂತೆ. ಎರಡು ಪೀಪಾಯಿಗಳು ಬರಿದೇ ನಿಂತಿದ್ದವು. ಅವುಗಳ ಮೇಲಿದ್ದ ಬೋರ್ಡು ಇರಲಿಲ್ಲ. ನೆಲದ ಮೇಲೆ ಹೆರೆದು ಹಾಕಿದ ಹಸಿರು ಬಣ್ಣದ ಚೂರುಗಳು. ಯಾರೂ ತೆರೆದು ಕಾಣದ ಆ ಕಿಟಕಿ ಹಾರು ಹೊಡೆದಿತ್ತು, ಅಂಗಡಿಯ ತುಂಬ ಕಡಲ ಸದ್ದು.

"ಅಮ್ಮಾ!"

ಒಳಗೂ ಇಲ್ಲ, ಹಿತ್ತಲಲ್ಲೂ ಇಲ್ಲ. ಹುಡುಗಿ ದಿಕ್ಕು ತೋಚದೆ ತಿರುಗಿ ಬಂದು ಯಂತ್ರದ ಗುಂಡಿ ಒತ್ತಿದಳು. ಅಪ್ಪನ ದನಿ ಬೇಕಾಗಿತ್ತೇನೋ, ಪಾಪ.

"ಏಳಿ," ಎಂದಿತು ಯಂತ್ರ. ಅದು ಅಮ್ಮನ ದನಿ.

ಆ ಒಂದು ಮಾತು ಸಾಕಾಯಿತು. ಹುಡುಗಿ ಬಾಗಿಲು ದಾಟಿ ದಂಡೆಯ ಕಡೆ ಓಡಿದಳು. ನನ್ನ ಕಾಲುಗಳೂ ಓಡಲು ಹೊರಟಿದ್ದವು. ಆದರೆ ಈ ಊರು ಮೊದಲ ಮಾತಿಗೇ ಫೋನಿಟ್ಟು ಏನು ಕಳೆದುಕೊಂಡಿತೆಂದು ಇವತ್ತೇ ತಿಳಿದಿದ್ದೆ. ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದೆ.

"ನಾಳೆ ಬೆಳಿಗ್ಗೆ ಅಲೆ ತಲೆಮಟ್ಟ. ಬಿಡುವು ಹದಿನೇಳು ಸೆಕೆಂಡು. ನೆಲದ ಗಾಳಿ. ನೀರು ಏರ್ತಾ ಇರುತ್ತೆ."

ನಡುಕವಿಲ್ಲದ, ಪಳಗಿದ ದನಿ. ಮೂರು ಅಡಿ ಇದ್ದ ಜಾಗದಲ್ಲಿ ಈಗ ಈ ಮಾತುಗಳಿದ್ದವು. ನಾಳೆ ಊರಿಗೆ ಕೇಳಿಸಬೇಕಿದ್ದ ಒಂದೇ ಸಾಕ್ಷಿಯನ್ನು ಅವರು ಕೈಯಾರೆ ಅಳಿಸಿಹಾಕಿದ್ದರು.

ಕ್ಯಾಸೆಟ್ಟು ಸ್ವಲ್ಪ ಹೊತ್ತು ಬರಿದೇ ತಿರುಗಿತು. ಆಮೇಲೆ ಅದೇ ದನಿ, ತುಸು ತಗ್ಗಿ, ಪಕ್ಕದಲ್ಲಿ ಕೂತವರಿಗೆ ಹೇಳಿದಂತೆ:

"ಹಳೇದನ್ನ ನಾನೇ ಅಳಿಸಿದೆ ಮಗಳೇ, ಅದು ಊರಿಗೆ ಕೇಳೋದು ಬೇಡ. ನಿನ್ನ ಹಲಗೆ ಮಾವನ ಹೆಸರು ಕೆಡುತ್ತೆ ಅಂತ ನಿಮ್ಮಪ್ಪನೇ ಬೇಡ ಅಂದ್ರು. ಅವತ್ತು ನೀರಿಂದ ನಾವಿಬ್ಬರೂ ಹೊರಗೆ ಬಂದ್ವಿ."